ಹೋಗುವವರನ್ನು ಮಾತ್ರ ಕೂಗುವುದು

ನನ್ನ ತಂಗಿ ರುಫೀನಾಳ ಬಲಗೈ ಜರ್ಮನಿಯಲ್ಲಿ ಯಾರದೋ ಮನೆಯ ಗೋಡೆಯ ಮೇಲಿದೆ. ಬರೀ ಕೈ. ಮೊಣಕೈವರೆಗೆ ಒದ್ದೆಯಾಗಿದೆ, ಮಣಿಕಟ್ಟಿನಲ್ಲಿ ನಮ್ಮವ್ವನ ತಾಮ್ರದ ಬಳೆಯಿದೆ, ಹಿಡಿತದಲ್ಲಿ ಬೆಣ್ಣೆಮುದ್ದೆಯಂಥ ಗಂಡು ಮಗುವೊಂದು ನಗುತ್ತಿದೆ. ಹಿಂದೆ ನಮ್ಮೂರ ಬುಗ್ಗೆಯ ಕೊಳ ಕಾಣುತ್ತದೆ, ಕೊಳದ ಮೇಲೆ ಬಾಗಿದ ಸಬೀನೋ ಮರಗಳು ಕಾಣುತ್ತವೆ, ಮರದ ಬುಡಕ್ಕೆ ಕಟ್ಟಿದ ಯಾರದೋ ಕತ್ತೆ ಕೂಡ ಕಿವಿಯಿಂದ ಬಾಲದವರೆಗೆ ಪೂರ್ತಿ ಕಾಣುತ್ತದೆ. ಕತ್ತೆಗೆ ಸಿಕ್ಕ ಜಾಗ ನನ್ನ ತಂಗಿಗೆ ಸಿಗಲಿಲ್ಲ.

ಆ ಫೋಟೋದ ಒಂದು ಪ್ರತಿಯನ್ನು ಅವರು ರುಫೀನಾಳಿಗೂ ಕಳಿಸಿದ್ದರು. ಅವಳು ಅದನ್ನು ನಮ್ಮ ಮನೆಯ ಕನ್ನಡಿಯ ಮೂಲೆಗೆ ಸಿಕ್ಕಿಸಿದ್ದಾಳೆ. ಅವಳು ಪುಯೆಬ್ಲಾ ಪಟ್ಟಣದ ಕೆಲಸಕ್ಕೆ ಮರಳಿದಾಗಲೆಲ್ಲ ನಾನು ಅದನ್ನು ಗೋಡೆ ಕಡೆ ತಿರುಗಿಸಿಡುತ್ತೇನೆ. ಹಬ್ಬಕ್ಕೆ ಬಂದಾಗ ಅವಳು ಮತ್ತೆ ನೆಟ್ಟಗೆ ಮಾಡುತ್ತಾಳೆ. ಎಷ್ಟೋ ವರ್ಷದಿಂದ ಅಕ್ಕತಂಗಿಯರ ಜಗಳ ಇದೊಂದೇ, ಅದೂ ಬಾಯಿಬಿಡದ ಜಗಳ.

ಊರಿನವರಿಗೆ ಇನ್ನೊಂದು ದೂರಿದೆ. ರುಫೀನಾಳ ಮಗಳು ಅನಯೇಲಿ ಹೆತ್ತ ತಾಯಿಯನ್ನು ಹೆಸರು ಹಿಡಿದು ಕರೆಯುತ್ತಾಳೆ. "ಅಮ್ಮ" ಎನ್ನುವುದಿಲ್ಲ, "ರುಫೀನಾ" ಎನ್ನುತ್ತಾಳೆ. ಬೆಳೆದ ಹುಡುಗಿ, ನೋಡಿದವರು ಏನಂದಾರು? ದೊಡ್ಡಮ್ಮ ಹೇಳಿಕೊಟ್ಟಿದ್ದಾಳೆ ಎನ್ನುತ್ತಾರೆ. ದೊಡ್ಡಮ್ಮ ಎಂದರೆ ನಾನು, ಪ್ರಿಸ್ಕಾ, ಬುಗ್ಗೆಯ ಬಾಗಿಲಲ್ಲಿ ಉಪ್ಪುಮಾಂಸ ಸುಟ್ಟು ರೊಟ್ಟಿಯಲ್ಲಿಟ್ಟು ಮಾರುವವಳು. ನಾನು ಹೇಳಿಕೊಡಲಿಲ್ಲ. ಆಡುವವರ ಬಾಯಿಗೆ ಬೀಗ ಹಾಕುವುದಕ್ಕೆ ಆಗುವುದಿಲ್ಲ ಎಂದು ಇಷ್ಟು ದಿನ ಸುಮ್ಮನಿದ್ದೆ. ಅದು ಶುರುವಾಗಿದ್ದು ಆ ಫೋಟೋ ತೆಗೆದ ಭಾನುವಾರವೇ, ನನ್ನ ಕಣ್ಣೆದುರೇ.

ರುಫೀನಾ ಹುಟ್ಟಿನಿಂದಲೇ ಬಾಯಿಲ್ಲದವಳು. ನಮ್ಮವ್ವ ಕಬ್ಬು ಕಡಿಯುವ ಕೂಲಿಗೆ ಹೋಗುವಾಗ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದಳು. ಸಂಜೆ ಹೊರಡುವಾಗ ಗದ್ದೆಯ ಬದುವಿನ ಮೇಲೆ ನಿಂತು ಕೂಗುತ್ತಿದ್ದಳು: "ಪ್ರಿಸ್ಕಾ, ಬಾ, ಮನೆಗೆ ಹೋಗೋಣ, ಇಲ್ಲಿ ಉಳೀಬೇಡ. ರುಫೀನಾ, ಬಾ, ಮನೆಗೆ ಹೋಗೋಣ, ಇಲ್ಲಿ ಉಳೀಬೇಡ." ನಾವು ಅವಳ ಲಂಗ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದೆವು. ಆದರೂ ಕೂಗುತ್ತಿದ್ದಳು. ಎಳೆಯ ಮಕ್ಕಳ ಜೀವ ಮೈಗೆ ಇನ್ನೂ ಸರಿಯಾಗಿ ಅಂಟಿರುವುದಿಲ್ಲ. ಚೆಂದದ ಜಾಗ ಕಂಡರೆ, ಇಲ್ಲವೇ ಬೆಚ್ಚಿಬಿದ್ದರೆ, ಜೀವ ಅಲ್ಲೇ ಉಳಿದು ಮೈ ಮಾತ್ರ ಮನೆಗೆ ಬರುತ್ತದೆ. ಅದಕ್ಕೇ ಹೊರಡುವ ಮುಂಚೆ ತಾಯಿ ಕೂಗಬೇಕು, ಮಗು "ಬಂದೆ" ಎನ್ನಬೇಕು, ಆಮೇಲೆ ಹಿಂತಿರುಗಿ ನೋಡದೆ ನಡೆಯಬೇಕು. ನಾನು ಪಕ್ಕದ ಗದ್ದೆಗೂ ಕೇಳುವ ಹಾಗೆ "ಬಂದೆ" ಎಂದು ಅರಚುತ್ತಿದ್ದೆ. ರುಫೀನಾ ತಲೆಯಾಡಿಸುತ್ತಿದ್ದಳು ಅಷ್ಟೆ. ಅವ್ವ ನಿಟ್ಟುಸಿರು ಬಿಟ್ಟು, "ಇವಳೊಬ್ಬಳು, ಎಲ್ಲಿ ಬಿಟ್ಟರೂ ಅಲ್ಲೇ ಇರೋಳು" ಎನ್ನುತ್ತಿದ್ದಳು.

ದೊಡ್ಡವಳಾದ ಮೇಲೂ ಅಷ್ಟೇ. ಒಬ್ಬ ಮದುವೆಯಾಗುತ್ತೇನೆ ಎಂದ, ನಂಬಿದಳು. ಅವನ ಹೆಸರಿನಿಂದ ನನ್ನ ಬಾಯಿ ಹೊಲಸು ಮಾಡಿಕೊಳ್ಳುವುದಿಲ್ಲ. ಹೊಟ್ಟೆಯಲ್ಲಿ ಕೂಸು ಬಿಟ್ಟು ಹೋದ, ಇವಳು ಒಂದು ಬೈಗುಳವನ್ನೂ ಬೈಯಲಿಲ್ಲ. ಅನಯೇಲಿ ಓಡಾಡುವಷ್ಟಾದ ಮೇಲೆ ಪುಯೆಬ್ಲಾದಲ್ಲಿ ಮಗು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಕಾರು ಕಾರ್ಖಾನೆಗೆ ಬಂದ ಜರ್ಮನ್ ಗಂಡಹೆಂಡತಿ. ಗಂಡ ಹೆನ್ನಿಂಗ್, ಹೆಂಡತಿ ಫ್ರೌಕೆ. ಅವರ ಮಗು ಮಾಲ್ಟೆಗೆ ಆಗ ಇನ್ನೂ ಕತ್ತು ನಿಂತಿರಲಿಲ್ಲ. ರುಫೀನಾ ತನ್ನ ಮಗಳನ್ನು ನನ್ನ ಮಡಿಲಲ್ಲಿ ಬಿಟ್ಟು ಅವರ ಮಗನನ್ನು ಎತ್ತಿಕೊಂಡಳು. ಹದಿನೈದು ದಿನಕ್ಕೊಮ್ಮೆ ಬರುತ್ತೇನೆ ಎಂದಳು, ತಿಂಗಳಿಗೊಮ್ಮೆ ಬಂದಳು, ಆಮೇಲೆ ಹಬ್ಬಕ್ಕೆ ಬರುವ ನೆಂಟಳಾದಳು. ಬಂದಾಗಲೂ ಬಾಯಿ ತುಂಬ ಮಾಲ್ಟೆಯೇ. ಮಾಲ್ಟೆಗೆ ಹಲ್ಲು ಬಂತು, ಮಾಲ್ಟೆ ಬೀನ್ಸ್ ಸಾರು ಕೇಳುತ್ತಾನೆ, ಮಾಲ್ಟೆ ನಮ್ಮ ಭಾಷೆ ಬಿಟ್ಟು ಅಪ್ಪ ಅಮ್ಮನ ಭಾಷೆ ಆಡುವುದಿಲ್ಲ. ಅನಯೇಲಿ ಇದನ್ನೆಲ್ಲ ಕಣ್ಣರಳಿಸಿ ಕೇಳಿ, ಬೀದಿಯ ಮಕ್ಕಳಿಗೆ ತನ್ನ ತಮ್ಮನ ಕಥೆ ಎಂಬಂತೆ ಹೇಳುತ್ತಿದ್ದಳು.

"ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಅದು ನೀನೇ ಕಣೆ" ಎಂದೆ ಒಂದು ಸಲ.

"ಏನ್ ಮಾಡ್ಲಿ ಅಕ್ಕ, ಆ ಮಗು ನನ್ ಬಿಟ್ಟು ಮಲಗಲ್ಲ" ಎಂದಳು.

"ಈ ಮಗು ಮಲಗುತ್ತಾ? ಕೇಳಿದ್ದೀಯಾ?"

ಅದಕ್ಕೆ ಉತ್ತರ ಬಂದಿದ್ದು ಆ ವರ್ಷ ಈಸ್ಟರ್ ಕಳೆದ ಮೇಲೆ. ಓಡೋಡಿ ಬಂದ ಹಾಗೆ ಬಂದಳು, ಮುಖ ಕೆಂಪಾಗಿತ್ತು. "ಅಕ್ಕ, ಅಮ್ಮಾವ್ರು ಹೇಳಿದ್ರು. ಅನಯೇಲೀನ ಕರ್ಕೊಂಡು ಬಾ, ನಮ್ಮ ಮನೆ ನಿಮ್ದೇ ಮನೆ ಅಂದ್ರು."

ನನಗೆ ನಗು ಬಂತು. "ಅಯ್ಯೋ ಪೆದ್ದೀ, ಹಾಗೆ ಯಾರು ಅನ್ನಲ್ಲ? ಮೊನ್ನೆ ತೂಕದಲ್ಲಿ ಮೋಸ ಮಾಡ್ದ ಕಟುಕನೂ ನಂಗೆ 'ನಮ್ಮನೆ ನಿಮ್ದೇ' ಅಂದ. ಹೋಗಿ ಅವನ ಮಂಚದ ಮೇಲೆ ಮಲಗ್ಲಾ?"

"ನಾವು ಅಂತೀವಿ ಅಕ್ಕ. ನಮ್ದು ಬಾಯಿಮಾತು. ಅವರು ಜರ್ಮನ್‌ನೋರು, ಅವರು ಹಾಗಲ್ಲ. ಹತ್ತು ಗಂಟೆ ಅಂದ್ರೆ ಹತ್ತೇ ಗಂಟೆ. ಬೇಡ ಅನ್ಸಿದ್ರೆ ಮುಖಕ್ಕೆ ಹೊಡ್ದಂಗೆ ಬೇಡ ಅಂತಾರೆ. ಹೇಳಿದ್ರು ಅಂದ್ರೆ ಅದು ಹೇಳಿದಂಗೇ."

ಈ ಮಾತಿಗೆ ನಾನೂ ತಲೆಬಾಗಿದೆ. ನಿಜವಿರಬಹುದು ಅನ್ನಿಸಿತು. ನಮ್ಮವರಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ, ಹೌದು ಎಂದಿದ್ದನ್ನು ಮಾಡುವುದೂ ಇಲ್ಲ. ಇಲ್ಲ ಎನ್ನಲು ಬರುವ ಜನ ಹೌದು ಎಂದರೆ ಅದಕ್ಕೆ ಬೆಲೆ ಇರಬೇಕಲ್ಲ. ಪುಯೆಬ್ಲಾದಲ್ಲಿ ಆ ಮನೆಯ ಹತ್ತಿರವೇ ಒಂದು ಶಾಲೆ ಇದೆಯಂತೆ. ರುಫೀನಾಳ ಕೋಣೆಯಲ್ಲಿ ಇನ್ನೊಂದು ಚಾಪೆಗೆ ಜಾಗವಿದೆಯಂತೆ. ಜುಲೈನಲ್ಲಿ ಅವರೆಲ್ಲ ಕಾರಿನಲ್ಲಿ ನಮ್ಮೂರ ಬುಗ್ಗೆ ನೋಡಲು ಬರುತ್ತಾರೆ, ಬೆಳಿಗ್ಗೆ ಬಂದು ಸಂಜೆ ಹೋಗುತ್ತಾರೆ, ಹೋಗುವಾಗ ಅನಯೇಲಿಯನ್ನು ಕೂರಿಸಿಕೊಂಡು ಹೋಗುವುದು ಎಂದು ರುಫೀನಾ ತಾನೇ ತೀರ್ಮಾನಿಸಿದಳು.

"ಕಾರಲ್ಲಿ ಕರ್ಕೊಂಡು ಹೋಗ್ತೀರಾ ಅಂತ ಬಾಯಿಬಿಟ್ಟು ಕೇಳಿದ್ಯೇನೇ?"

"ಮನೆಗೇ ಬಾ ಅಂದೋರು ಕಾರಿಗೆ ಬೇಡ ಅಂತಾರಾ? ಅದನ್ನೆಲ್ಲ ಬಿಡಿಸಿ ಕೇಳಿದ್ರೆ ಅವರ ಮಾತಿನ ಮೇಲೆ ನಂಬ್ಕೆ ಇಲ್ಲ ಅಂದಂಗೆ ಆಗುತ್ತೆ."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರು ಎನ್ನುತ್ತಾರೆ. ನಾವು ಚೀಲವನ್ನೇ ಕಟ್ಟಿದೆವು. ನೀಲಿ ಪಟ್ಟಿಯ ಪ್ಲಾಸ್ಟಿಕ್ ಸಂತೆಚೀಲ. ಅದರಲ್ಲಿ ಎರಡು ಲಂಗ, ಹೊಸ ಒಳಚಡ್ಡಿಗಳು, ಶಾಲೆಗೆಂದು ಕೊಂಡ ಕಪ್ಪು ಬೂಟು, ಅವ್ವನ ಚಿತ್ರ. ಅನಯೇಲಿ ಬೀದಿಯ ಮಕ್ಕಳಿಗೆಲ್ಲ ವಿದಾಯ ಹೇಳಿ ಬಂದಳು. ತನ್ನ ಕೋಳಿಯನ್ನು ಪಕ್ಕದ ಮನೆಗೆ ಕೊಟ್ಟಳು. ನಾನು ಹುಡುಗಿಯನ್ನು ಬಿಟ್ಟುಕೊಡಲು ಕುಣಿಯುತ್ತಿದ್ದೆ ಎಂದುಕೊಳ್ಳಬೇಡಿ. ನನಗೆ ಮಕ್ಕಳಿಲ್ಲ, ಗಂಡ ಸತ್ತಿದ್ದ, ಆ ಹುಡುಗಿ ಹೋದರೆ ನನ್ನ ಮನೆಯಲ್ಲಿ ಮಾತಾಡಲು ಬೆಕ್ಕು ಒಂದೇ. ಆದರೆ ತಾಯಿ ಬದುಕಿರುವಾಗ ಮಗಳು ದೊಡ್ಡಮ್ಮನ ಹತ್ತಿರ ಯಾಕಿರಬೇಕು? ಬೂಟಿಗೆ ಪಾಲಿಷ್ ಹಾಕಿದವಳೂ ನಾನೇ.

ಆ ಭಾನುವಾರ ಅವರು ಹತ್ತು ಗಂಟೆ ಎಂದಿದ್ದರು, ಹತ್ತಕ್ಕೇ ಬಂದರು. ರುಫೀನಾ ಕಾರಿನಿಂದ ಇಳಿಯುತ್ತಾ ನನ್ನ ಕಡೆ "ನೋಡಿದ್ಯಾ?" ಎನ್ನುವ ಹಾಗೆ ನೋಡಿದಳು. ಆಮೇಲೆ ಕಾರಿನಿಂದ ಸಾಮಾನು ಇಳಿಯತೊಡಗಿತು. ತಳ್ಳುಗಾಡಿ, ಕೊಡೆ, ಐಸಿನ ಪೆಟ್ಟಿಗೆ, ಮಗುವಿನ ಕುರ್ಚಿ, ಮಗುವಿನ ಟೋಪಿಗಳು, ಕೊನೆಗೆ ಒಂದು ಗಾಳಿ ತುಂಬಿದ ಗುಲಾಬಿ ಬಣ್ಣದ ರಬ್ಬರ್ ಕೊಕ್ಕರೆ. ಅದು ಹಿಂದಿನ ಸೀಟಿನಲ್ಲಿ ಒಬ್ಬ ಮನುಷ್ಯನಷ್ಟು ಜಾಗ ಹಿಡಿದು ಕೂತು ಬಂದಿತ್ತು. ಒಂದು ದಿನದ ಸುತ್ತಾಟಕ್ಕೆ ಇಷ್ಟು ಸಾಮಾನು ಬೇಕಾದರೆ ಇವರು ದೇಶ ಬಿಟ್ಟು ದೇಶಕ್ಕೆ ಹೇಗೆ ಬಂದರೋ ಎಂದುಕೊಂಡೆ.

ಫ್ರೌಕೆ ಎತ್ತರದ ಹೆಂಗಸು, ಬಿಸಿಲಿಗೆ ಮೂಗು ಕೆಂಪಾಗಿತ್ತು. ಒಳ್ಳೆಯವಳೇ. ನನ್ನನ್ನು ತಬ್ಬಿ ಕೆನ್ನೆಗೆ ಮುತ್ತು ಕೊಟ್ಟಳು. ನಮ್ಮ ಭಾಷೆಯನ್ನು ದುಡ್ಡು ಕೊಟ್ಟು ಪಾಠ ಹೇಳಿಸಿಕೊಂಡಿದ್ದಳು, ಅದಕ್ಕೆ ಅವಳ ಮಾತು ಇಸ್ತ್ರಿ ಮಾಡಿದ ಅಂಗಿಯಂತಿತ್ತು.

"ಪ್ರಿಸ್ಕಾ ಅವರೇ, ನಿಮ್ಮ ಬಗ್ಗೆ ಬಹಳ ಕೇಳಿದ್ದೇನೆ. ರುಫೀನಾ ನಮ್ಮ ಕುಟುಂಬದವಳೇ. ಆದ್ದರಿಂದ ನೀವೂ ನಮ್ಮ ಕುಟುಂಬದವರು."

"ಹಾಗಾದ್ರೆ ರೊಟ್ಟಿಗೆ ದುಡ್ಡು ತಗೊಳ್ಳಲ್ಲ" ಎಂದೆ. ಅವಳು ಗಟ್ಟಿಯಾಗಿ ನಕ್ಕಳು.

ಅನಯೇಲಿ ನನ್ನ ಒಲೆಯ ಪಕ್ಕದಲ್ಲಿ ನಿಂತಿದ್ದಳು. ಹಬ್ಬದ ಹಳದಿ ಲಂಗ, ಬಿಳಿ ಕಾಲುಚೀಲ, ಎರಡು ಜಡೆ. ಚೀಲ ಮೇಜಿನ ಕೆಳಗಿತ್ತು. ಫ್ರೌಕೆ ಅವಳ ಗಲ್ಲ ಹಿಡಿದು, "ಎಷ್ಟು ಮುದ್ದಾಗಿದ್ದೀಯ! ಇವತ್ತು ನಿಮ್ಮ ಊರಿನಲ್ಲಿ ಹಬ್ಬವೇ?" ಎಂದಳು. ಅನಯೇಲಿ ತಾಯಿಯ ಮುಖ ನೋಡಿದಳು. ತಾಯಿ ಮಾಲ್ಟೆಯ ಕಾಲಿಗೆ ಸೊಳ್ಳೆಯ ಮುಲಾಮು ಹಚ್ಚುತ್ತಿದ್ದಳು. "ಹೌದು" ಎಂದಳು ಅನಯೇಲಿ.

ಬೆಳಗಿನ ಹೊತ್ತೆಲ್ಲ ನಾನು ಒಲೆಯ ಮುಂದೆ ಕೂತೇ ಕೊಳದ ಕಡೆ ಕಣ್ಣಿಟ್ಟಿದ್ದೆ. ಗಂಡಹೆಂಡತಿ ಮರದ ನೆರಳಲ್ಲಿ ಚಾಪೆ ಹಾಸಿ ಮಲಗಿದರು. ಪಾಪ, ವಾರವಿಡೀ ದುಡಿದು ದಣಿದಿದ್ದರು, ಅದಕ್ಕೇ ಆಳು ಇರುವುದು. ರುಫೀನಾ ಲಂಗ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತು ಮಾಲ್ಟೆಯನ್ನು ಕೊಕ್ಕರೆಯ ಮೇಲೆ ಕೂರಿಸಿ ಎಳೆಯುತ್ತಿದ್ದಳು. ಎರಡು ವರ್ಷದ ಮಗು ಸುಮ್ಮನಿದ್ದೀತೆ? ಇಳಿಸು ಎನ್ನುತ್ತದೆ, ಹತ್ತಿಸು ಎನ್ನುತ್ತದೆ, ಕಲ್ಲು ಬಾಯಿಗೆ ಹಾಕಿಕೊಳ್ಳುತ್ತದೆ, ಕತ್ತೆ ಬೇಕು ಎನ್ನುತ್ತದೆ. ತಾಯಿ ಎದ್ದು ಬಂದು ಫೋಟೋ ತೆಗೆಯುತ್ತಿದ್ದಳು. "ರುಫೀನಾ, ಸ್ವಲ್ಪ ಆ ಕಡೆ ಸರಿ. ಇನ್ನೂ ಸ್ವಲ್ಪ. ಹಾಂ, ಹಿಡಿದುಕೋ, ಆದರೆ ನೀನು ಸರಿ."

ಅನಯೇಲಿ ಹಳದಿ ಲಂಗ ಬಿಚ್ಚಿಟ್ಟು ಒಳಲಂಗದಲ್ಲೇ ನೀರಿಗಿಳಿದಿದ್ದಳು. ಆ ಬೇಸಿಗೆಯಲ್ಲಿ ಅವಳು ಅಂಗಾತ ತೇಲುವುದನ್ನು ಕಲಿತಿದ್ದಳು. ಅಮ್ಮನಿಗೆ ತೋರಿಸಬೇಕು ಎಂದು ತಿಂಗಳಿಂದ ಜಪ ಮಾಡುತ್ತಿದ್ದಳು. "ಅಮ್ಮ, ನೋಡು" ಎಂದಳು. "ಹ್ಞೂಂ ಕಂದ" ಎಂದಳು ರುಫೀನಾ, ಮಾಲ್ಟೆಯ ಟೋಪಿ ಸರಿಮಾಡುತ್ತಾ. "ಅಮ್ಮ, ಈಗ ನೋಡು, ಈಗ." ರುಫೀನಾ ತಿರುಗಿದಳು. ದೇವರಾಣೆ, ತಿರುಗಿದಳು. ಹುಡುಗಿ ಕೈಕಾಲು ಚಾಚಿ ನೀರಿನ ಮೇಲೆ ಮಲಗಿಕೊಂಡ ಅದೇ ಗಳಿಗೆಗೆ ಮಾಲ್ಟೆ ಕೊಕ್ಕರೆಯಿಂದ ಜಾರಿ ಮುಳುಗಿದ.

ಮುಳುಗಿದ್ದು ಒಂದು ಉಸಿರಿನಷ್ಟು ಹೊತ್ತು. ರುಫೀನಾ ಬಾಚಿ ಎತ್ತಿದಳು. ಮಗು ಕೆಮ್ಮಿತು, ನೀಲಿಯಾಯಿತು, ಆಮೇಲೆ ಗಂಟಲು ಹರಿದುಹೋಗುವ ಹಾಗೆ ಅತ್ತಿತು. ಫ್ರೌಕೆ ಓಡಿಬಂದು ಕೈ ಚಾಚಿದಳು. ಮಗು ಹೆತ್ತವಳ ಕಡೆ ಹೋಗಲಿಲ್ಲ, ರುಫೀನಾಳ ಕತ್ತನ್ನೇ ಇನ್ನಷ್ಟು ಬಿಗಿಯಾಗಿ ಹಿಡಿಯಿತು. ಫ್ರೌಕೆಯ ಚಾಚಿದ ಕೈಗಳು ಹಾಗೇ ನಿಂತವು. ಆ ಕ್ಷಣ ಅವಳನ್ನು ಕಂಡರೆ ನನಗೂ ಅಯ್ಯೋ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

"ನೀನು ಎಲ್ಲಿ ನೋಡುತ್ತಿದ್ದೆ, ರುಫೀನಾ?" ಎಂದಳು.

"ತಪ್ಪಾಯ್ತು ಅಮ್ಮಾವ್ರೇ" ಎಂದಳು ನನ್ನ ತಂಗಿ. ಅನಯೇಲಿ ನೀರಿನಿಂದೆದ್ದು ಬಂದು ಒದ್ದೆ ಜಡೆ ಹಿಂಡಿಕೊಳ್ಳುತ್ತಾ ನನ್ನ ಪಕ್ಕ ಕೂತಳು. "ನೋಡಿದ್ಲಾ ದೊಡ್ಡಮ್ಮ?" ಎಂದು ಕೇಳಿದಳು. ನೋಡಿದಳು ಎಂದೆ.

ಊಟಕ್ಕೆ ಎಲ್ಲರೂ ನನ್ನ ಅಂಗಡಿಗೆ ಬಂದರು. ಉಪ್ಪುಮಾಂಸ, ಬಿಸಿ ರೊಟ್ಟಿ, ಕಳ್ಳಿಯ ಪಲ್ಯ, ಹಸಿ ಮೆಣಸಿನ ಗೊಜ್ಜು ಬಡಿಸಿದೆ. ಹೆನ್ನಿಂಗ್ ಖಾರಕ್ಕೆ ಕಣ್ಣೀರು ಸುರಿಸಿಕೊಂಡೇ ಮತ್ತೆ ಮತ್ತೆ ಹಾಕಿಸಿಕೊಂಡ. ರುಫೀನಾ ನಿಂತೇ ಇದ್ದಳು, ರೊಟ್ಟಿ ಮುರಿದು ಮಾಲ್ಟೆಯ ಬಾಯಿಗಿಡುತ್ತಿದ್ದಳು. ನಾನು ಅವಳನ್ನು ಒಲೆಯ ಹಿಂದಕ್ಕೆ ಎಳೆದೆ.

"ಈಗ ಹೇಳೇ. ಉಂಡು ಖುಷಿಯಾಗಿದ್ದಾರೆ."

"ಮಗು ಹೆದರಿದೆ ಅಕ್ಕ, ಅಮ್ಮಾವ್ರ ಮನಸ್ಸು ಸರಿ ಇಲ್ಲ. ಹೊರಡುವಾಗ ಚೀಲ ಇಟ್ರೆ ಅವರಿಗೇ ಗೊತ್ತಾಗುತ್ತೆ."

"ಬಾಯಿ ಯಾತಕ್ಕೆ ಕೊಟ್ಟಿದ್ದಾನೆ ದೇವ್ರು? ಊದೋಕಾ?"

"ಹೇಳಿದಾರಲ್ಲ ಅಕ್ಕ, ಮತ್ತೆ ಮತ್ತೆ ಹೇಳಿಸಬಾರ್ದು" ಎಂದು ಕೈಬಿಡಿಸಿಕೊಂಡು ಹೋದಳು.

ಬೆಟ್ಟದ ಕಡೆ ಮೋಡ ಕಪ್ಪಾಯಿತು. ಮಧ್ಯಾಹ್ನದ ಮಳೆಗೆ ಮುಂಚೆ ಹೊರಡೋಣ ಎಂದ ಹೆನ್ನಿಂಗ್. ಇಳಿದ ಸಾಮಾನೆಲ್ಲ ಒಂದೊಂದಾಗಿ ಮತ್ತೆ ಕಾರು ಹತ್ತಿತು. ಆಗ ನನ್ನ ತಂಗಿ ಮೇಜಿನ ಕೆಳಗಿಂದ ನೀಲಿ ಚೀಲ ತೆಗೆದು, ಹೋಗಿ, ಕಾರಿನ ಹಿಂದುಗಡೆ ಇಟ್ಟಳು. ಅನಯೇಲಿ ಮತ್ತೆ ಹಳದಿ ಲಂಗ ಉಟ್ಟು, ಕಾಲುಚೀಲ ಎಳೆದುಕೊಂಡು ಕಾರಿನ ಬಾಗಿಲ ಹತ್ತಿರ ನಿಂತಳು.

ಹೆನ್ನಿಂಗ್ ಚೀಲ ನೋಡಿದ, ಮುಖ ಅರಳಿತು. ನಮ್ಮಲ್ಲಿ ಬಂದವರನ್ನು ಬುತ್ತಿ ಕಟ್ಟಿಕೊಡದೆ ಕಳಿಸುವುದಿಲ್ಲ, ಅಷ್ಟನ್ನು ಅವನು ಈ ದೇಶದಲ್ಲಿ ಕಲಿತಿದ್ದ. "ಪ್ರಿಸ್ಕಾ ಅವರೇ, ಇಷ್ಟೆಲ್ಲ ಯಾಕೆ? ನೀವು ತುಂಬ ಒಳ್ಳೆಯವರು!" ಎನ್ನುತ್ತಾ ಚೀಲದ ಬಾಯಿ ತೆರೆದ. ಮಾಂಸ ಇರಬಹುದು, ಐಸಿನ ಪೆಟ್ಟಿಗೆಗೆ ಹಾಕೋಣ ಎಂದುಕೊಂಡಿರಬೇಕು. ಮೇಲೆಯೇ ಕಪ್ಪು ಬೂಟು ಇತ್ತು. ಅದನ್ನು ಎತ್ತಿ ಹಿಡಿದು ಹೆಂಡತಿಯ ಕಡೆ ನೋಡಿದ.

ಫ್ರೌಕೆ ಬೂಟು ನೋಡಿದಳು, ಹುಡುಗಿಯ ಲಂಗ ನೋಡಿದಳು, ಬಾಗಿಲ ಮೇಲಿದ್ದ ಪುಟ್ಟ ಕೈ ನೋಡಿದಳು. ಅವಳಿಗೆ ಅರ್ಥವಾಯಿತು.

"ರುಫೀನಾ, ಇದು ಏನು?"

ರುಫೀನಾ ನೆಲ ನೋಡಿದಳು. ಇನ್ನು ನನ್ನಿಂದ ತಡೆಯಲಾಗಲಿಲ್ಲ. "ನಮ್ಮ ಮನೆ ನಿಮ್ದೇ ಮನೆ ಅಂದ್ರಂತಲ್ಲ ಅಮ್ಮ, ಮಗೂನ ಕರ್ಕೊಂಡು ಬಾ ಅಂದ್ರಂತಲ್ಲ. ಅದಕ್ಕೇ ಕಟ್ಟಿದೀವಿ."

ಅವಳ ಮುಖ ಮೂಗಿಗಿಂತ ಕೆಂಪಾಯಿತು. "ಆದರೆ... ಅದು ಇಲ್ಲಿ ಎಲ್ಲರೂ ಹೇಳುತ್ತಾರಲ್ಲವೇ?" ಎಂದಳು. "ನನ್ನ ಟೀಚರ್ ಹೇಳಿಕೊಟ್ಟರು. ಹಾಗೆ ಹೇಳುವುದು ಇಲ್ಲಿಯ ಮರ್ಯಾದೆ ಎಂದರು. ನಾನು, ಒಂದು ದಿನ ಆಟಕ್ಕೆ ಕರೆದುಕೊಂಡು ಬಾ ಎಂದು..."

ಇದಕ್ಕೆ ನಾನು ಏನು ಹೇಳಲಿ? ನಮ್ಮಿಂದಲೇ ಕಲಿತ ಸುಳ್ಳನ್ನು ನಮಗೇ ವಾಪಸು ಕೊಟ್ಟಿದ್ದಳು, ಅದೂ ಮರ್ಯಾದೆಗೆ. ಬಯ್ಯುವುದಾದರೆ ಊರನ್ನೇ ಬಯ್ಯಬೇಕು.

ಆಮೇಲೆ ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ ಮಾತು ಬಂತು. ಹೇಳಬೇಕು ಹೇಳಬೇಕು ಎಂದುಕೊಂಡಿದ್ದರಂತೆ, ಸರಿಯಾದ ಸಮಯ ನೋಡುತ್ತಿದ್ದರಂತೆ. ಕಾರ್ಖಾನೆ ಅವರನ್ನು ವಾಪಸು ಕರೆಸಿಕೊಳ್ಳುತ್ತಿದೆಯಂತೆ. ಕ್ರಿಸ್‌ಮಸ್‌ಗೆ ಮುಂಚೆ ಹೊರಡುತ್ತಾರಂತೆ. ಇಷ್ಟಕ್ಕಾಗಿ ಹುಡುಗಿಯ ಶಾಲೆ ಬದಲಿಸುವುದು ಹುಡುಗಿಗೇ ಒಳ್ಳೆಯದಲ್ಲವಂತೆ. "ನಿನಗೆ ಒಳ್ಳೆಯ ಪತ್ರ ಬರೆದುಕೊಡುತ್ತೇನೆ, ರುಫೀನಾ. ನೀನು ನಮ್ಮ ಕುಟುಂಬದವಳು. ಅಷ್ಟರವರೆಗೆ ಮಾಲ್ಟೆಗೆ ನೀನು ಬೇಕು."

ನಾನು ಕಾದೆ. ಈಗಲಾದರೂ ಇವಳು ಬಾಯಿಬಿಡುತ್ತಾಳೆ, ಅವರ ಮಗನನ್ನು ಅವರ ಕೈಗೆ ಕೊಟ್ಟು ತನ್ನ ಮಗಳ ಕೈ ಹಿಡಿಯುತ್ತಾಳೆ ಎಂದು ಕಾದೆ. ಅನಯೇಲಿಯೂ ಕಾದಳು. ರುಫೀನಾ ಹೆನ್ನಿಂಗ್‌ನ ಕೈಯಿಂದ ಬೂಟು ತೆಗೆದುಕೊಂಡು ಚೀಲಕ್ಕೆ ಹಾಕಿದಳು.

"ಇಲ್ಲ ಅಮ್ಮಾವ್ರೇ, ಅಕ್ಕ ಏನೋ ತಪ್ಪು ತಿಳ್ಕೊಂಡಿದ್ದಾಳೆ. ಈ ಚೀಲ ಅಕ್ಕನಿಗೆ ಕೊಡೋಕೆ ತಂದಿದ್ದು. ತಪ್ಪಿ ಇಲ್ಲಿಟ್ಟೆ" ಎಂದಳು.

ಚೀಲ ನನ್ನ ಕೈಗೆ ಬಂತು. ಹುಡುಗಿ ಬಾಗಿಲ ಮೇಲಿದ್ದ ಕೈ ತೆಗೆದಳು. ಹೆನ್ನಿಂಗ್ ಪೆಚ್ಚಾಗಿ, ಏನು ಮಾಡಬೇಕೆಂದು ತೋಚದೆ, ಆ ಗುಲಾಬಿ ಕೊಕ್ಕರೆಯನ್ನು ಎತ್ತಿ ಸೀಟಿನಲ್ಲಿ ಕೂರಿಸಿದ. ಅದರ ಗಾಳಿ ಬಿಡಬೇಕು ಎಂದೂ ಅವನಿಗೆ ಹೊಳೆಯಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ನಾನು ಹೇಗೋ ಹುಡುಗಿಯನ್ನು ಸಮಾಧಾನ ಮಾಡುತ್ತಿದ್ದೆ. ಆದರೆ ಮಾಲ್ಟೆ ನೀರಿಗೆ ಬಿದ್ದು ಬೆಚ್ಚಿದ್ದ. ಬೆಚ್ಚಿದ ಮಗುವನ್ನು ಕೂಗದೆ ಕರೆದೊಯ್ಯಲು ನನ್ನ ತಂಗಿಗೆ ಬರುವುದಿಲ್ಲ. ಅವನನ್ನು ಎತ್ತಿಕೊಂಡೇ ಕೊಳದ ಅಂಚಿಗೆ ಹೋದಳು, ಅವನ ಒದ್ದೆ ಅಂಗಿಯಿಂದ ನೀರಿನ ಮೇಲೆ ಮೆಲ್ಲಗೆ ಬಡಿದಳು.

"ಮಾಲ್ಟೆ, ಬಾ, ಮನೆಗೆ ಹೋಗೋಣ, ಇಲ್ಲಿ ಉಳೀಬೇಡ."

ಹುಟ್ಟಿದಾಗಿನಿಂದ ಬಾಯಿ ಬಿಡದವಳ ಬಾಯಿಂದ ಅಂಥ ದನಿ! ಮರದ ಹಕ್ಕಿಗಳು ಎದ್ದವು. ಅವ್ವನ ದನಿಯೇ.

"ಬಂದೆ" ಎಂದ ಮಾಲ್ಟೆ ಅವಳ ಕತ್ತಿಗೆ ಮುಖ ಒತ್ತಿಕೊಂಡು. ಯಾವಾಗ ಕಲಿಸಿದ್ದಳೋ.

ಫ್ರೌಕೆ ನನ್ನನ್ನು ಇದೇನು ಎಂದು ಕೇಳಿದಳು. ಹೆದರಿದ ಮಗುವಿನ ಜೀವ ನೀರಲ್ಲೇ ಉಳಿಯದಿರಲಿ ಅಂತ ಕರೀತಾಳೆ ಎಂದೆ. "ಓಹ್, ಎಷ್ಟು ಸುಂದರ!" ಎಂದು ಅವಳು ಫೋನು ತೆಗೆದಳು. ಕಣ್ಣಲ್ಲಿ ನೀರೂ ಇತ್ತು, ಯಾವುದಕ್ಕೋ ಗೊತ್ತಿಲ್ಲ. "ರುಫೀನಾ, ದಯವಿಟ್ಟು ಇನ್ನೊಂದು ಸಲ ಕೂಗು. ವಿಡಿಯೋ ಮಾಡಿಕೊಳ್ಳುತ್ತೇನೆ. ಅವನು ದೊಡ್ಡವನಾದ ಮೇಲೆ ತೋರಿಸುತ್ತೇನೆ."

ರುಫೀನಾ ಇನ್ನೊಂದು ಸಲ ಕೂಗಿದಳು.

ಅಷ್ಟರಲ್ಲಿ ಅನಯೇಲಿ ನೀರಿನ ಅಂಚಿಗೆ ಹೋಗಿ ತಾಯಿಯ ಪಕ್ಕ ನಿಂತಿದ್ದಳು. "ಅಮ್ಮ, ನನ್ನೂ ಕೂಗು" ಎಂದಳು.

ರುಫೀನಾ ಅವಳ ತಲೆ ಸವರಿದಳು. "ನೀನು ಇಲ್ಲೇ ಇರೋಳಲ್ವೇನೆ ನನ್ ಬಂಗಾರ. ಹೋಗೋರನ್ನ ಮಾತ್ರ ಕೂಗೋದು" ಎಂದಳು.

ಕೆಟ್ಟ ಮಾತಲ್ಲ. ನಮ್ಮ ಪದ್ಧತಿಯ ಪ್ರಕಾರ ಸರಿಯಾದ ಮಾತೇ. ಪ್ರೀತಿಯಿಂದಲೇ ಹೇಳಿದಳು. ಮಗಳ ಹಣೆಗೆ ಮುತ್ತು ಕೊಟ್ಟಳು, ಹಬ್ಬಕ್ಕೆ ಬರುತ್ತೇನೆ ಎಂದಳು, ಪದ್ಧತಿಯಂತೆ ಹಿಂತಿರುಗಿ ನೋಡದೆ ನಡೆದು ಕಾರು ಹತ್ತಿದಳು. ಒಂದು ಕಡೆ ಮಗು, ಒಂದು ಕಡೆ ಕೊಕ್ಕರೆ, ನಡುವೆ ಅವಳು. ಕಾರು ಕಬ್ಬಿನ ಗದ್ದೆಗಳ ನಡುವೆ ತಿರುಗಿ ಮರೆಯಾಯಿತು. ಆ ಅವಸರದಲ್ಲಿ ಅವಳ ಶಾಲು ನನ್ನ ಅಂಗಡಿಯ ಕುರ್ಚಿಯ ಮೇಲೆ ಉಳಿಯಿತು.

ನಾನು ಒಲೆ ಆರಿಸಿ, ಪಾತ್ರೆ ಕಟ್ಟಿ, ಚೀಲ ತೋಳಿಗೆ ಹಾಕಿಕೊಂಡೆ. ಮಳೆಯ ಮೊದಲ ಹನಿ ಬಿತ್ತು. ಹುಡುಗಿ ಕೊಳದ ಹತ್ತಿರವೇ ನಿಂತಿದ್ದಳು. ಇವತ್ತು ಇವಳೂ ಕಡಿಮೆ ಬೆಚ್ಚಿಲ್ಲ ಎಂದುಕೊಂಡು ನಾನು ಕೂಗಲು ಹೋದೆ. "ಅನಯೇಲಿ, ಬಾ, ಮನೆಗೆ ಹೋಗೋಣ..."

"ನನ್ ಕೂಗ್ಬೇಡ ದೊಡ್ಡಮ್ಮ. ನಾನು ಇಲ್ಲೇ ಇದೀನಿ" ಎಂದಳು.

ಕುರ್ಚಿಯ ಮೇಲಿದ್ದ ತಾಯಿಯ ಶಾಲು ತಂದಳು. ಅದರ ಅಂಚನ್ನು ನೀರಿನಲ್ಲಿ ಅದ್ದಿ, ನೀರಿನ ಕಡೆಗಲ್ಲ, ಕಾರು ಹೋದ ದಾರಿಯ ಕಡೆ ತಿರುಗಿ ನೆಲಕ್ಕೆ ಬಡಿದಳು. ಕೂಗುವಾಗ ಅಮ್ಮ ಎನ್ನುವಂತಿಲ್ಲ, ಅಮ್ಮಂದಿರು ಊರ ತುಂಬ ಇದ್ದಾರೆ, ಹೆಸರು ಹಿಡಿದೇ ಕೂಗಬೇಕು. ಅದು ಅವಳಿಗೆ ಗೊತ್ತಿತ್ತು.

"ರುಫೀನಾ, ಬಾ, ಮನೆಗೆ ಹೋಗೋಣ, ಅಲ್ಲಿ ಉಳೀಬೇಡ."

ಮೂರು ಸಲ ಕೂಗಿದಳು. ಪ್ರತಿಸಲವೂ ಸುಮ್ಮನೆ ನಿಂತು "ಬಂದೆ" ಎನ್ನುವ ದನಿಗೆ ಕಿವಿಗೊಟ್ಟಳು. ಆಮೇಲೆ ಶಾಲಿನ ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದು ತುದಿಯನ್ನು ಹಿಂದೆ ಬಿಟ್ಟುಕೊಂಡು, ಯಾರನ್ನೋ ನಡೆಸಿಕೊಂಡು ಹೋಗುವ ಹಾಗೆ ಮಳೆಯಲ್ಲಿ ಮನೆವರೆಗೆ ನಡೆದಳು. ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ನಾನು ಹಿಂದೆ ಬರುತ್ತಾ ಆ ತುದಿ ಕೆಸರಿನಲ್ಲಿ ಎಳೆದುಕೊಂಡು ಹೋಗುವುದನ್ನು ನೋಡಿದೆ, ಎತ್ತಲು ಧೈರ್ಯವಾಗಲಿಲ್ಲ.

ಮನೆಯಲ್ಲಿ ರುಫೀನಾ ಮಲಗುವ ಜಾಗದಲ್ಲಿ ಶಾಲು ಹಾಸಿ, ಪಕ್ಕದಲ್ಲಿ ಕೂತು, ಬಹಳ ಹೊತ್ತು ಅದರ ಮೇಲೆ ಕೈಯಿಟ್ಟು ನೋಡಿದಳು. ನಾನು ಒದ್ದೆ ಜಡೆ ಬಿಚ್ಚುತ್ತಾ, ಮಗುವಿನ ಆಟಕ್ಕೆ ಮಗುವಿನ ಮಾತು ಎಂದುಕೊಂಡು, "ಬಂದ್ಲಾ ನಿಮ್ಮಮ್ಮ?" ಎಂದು ಕೇಳಿದೆ.

"ಇಲ್ಲ ದೊಡ್ಡಮ್ಮ" ಎಂದಳು. "ರುಫೀನಾ ಅಲ್ಲೇ ಉಳ್ಕೊಂಡ್ಳು."